ಮುಟ್ಟಿ ನೋಡಿ, ತಟ್ಟಿ ನೋಡಿ

ಕನ್ನಡದಲ್ಲಿ ನೋಡುವ ಕೆಲಸವನ್ನು ಕಣ್ಣಿಗಷ್ಟೇ ಬಿಟ್ಟುಕೊಟ್ಟಿಲ್ಲ. ರುಚಿ ನೋಡುತ್ತೇವೆ, ಮೂಸಿ ನೋಡುತ್ತೇವೆ, ತೆಂಗಿನಕಾಯಿ ಕೊಳ್ಳುವಾಗ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತೇವೆ. ಕೈ ಮತ್ತು ಕಿವಿಯ ಈ ನೋಟ ಎಷ್ಟು ಚುರುಕು ಎಂದು ತಿಳಿಯಲು ಅಡುಗೆಮನೆ ಸಾಕು. ಒಲೆ ಆರಿ ತಣ್ಣಗಾಗಲಿ. ಫ್ಯಾನು ನಿಲ್ಲಿಸಿ, ಕೈ ಒರೆಸಿಕೊಂಡು ಕಣ್ಣು ಮುಚ್ಚಿ.

ಒಂದು ತಟ್ಟೆಯಲ್ಲಿ ದಪ್ಪ ರವೆ, ಮೈದಾ, ಅಕ್ಕಿ ಹಿಟ್ಟು ಒಂದೊಂದು ಚಿಟಿಕೆ ಇಡಿ. ಬೆರಳನ್ನು ಸುಮ್ಮನೆ ಒತ್ತಿ, ಅಲುಗಾಡಿಸಬೇಡಿ. ರವೆ ತಕ್ಷಣ ಸಿಗುತ್ತದೆ. ಕಾಳುಗಳು ಚರ್ಮವನ್ನು ತಗ್ಗುತಗ್ಗಾಗಿ ಒತ್ತುತ್ತವೆ. ಮೈದಾ ಯಾವುದು, ಅಕ್ಕಿ ಹಿಟ್ಟು ಯಾವುದು ಎಂಬಲ್ಲಿ ತಡವರಿಸುತ್ತೀರಿ. ಈಗ ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ: ಅಕ್ಕಿ ಹಿಟ್ಟು ಸಣ್ಣಗೆ ಕರಕರ ಎನ್ನುತ್ತದೆ, ಮೈದಾ ಜಾರುತ್ತದೆ. ಜರ್ಮನಿಯ ಮನೋವಿಜ್ಞಾನಿ ಡೇವಿಡ್ ಕಾಟ್ಜ್ 1925ರಲ್ಲೇ ಹೇಳಿದ್ದು ಇದನ್ನು. ಒರಟುತನ ದೊಡ್ಡದಾದರೆ ಒತ್ತಿದರೂ ತಿಳಿಯುತ್ತದೆ; ನವುರಾದದ್ದು ತಿಳಿಯಬೇಕಾದರೆ ಬೆರಳು ಚಲಿಸಿ ಕಂಪನ ಏಳಬೇಕು. ಆ ಕಂಪನವನ್ನು ಹಿಡಿಯುವ ಪಚೀನಿಯನ್ ಗ್ರಾಹಕಗಳೆಂಬ ನರತುದಿಗಳು ಚರ್ಮದ ಆಳದಲ್ಲಿವೆ. ಸೆಕೆಂಡಿಗೆ 200–300 ಕಂಪನಗಳಿಗೆ ಅವು ಅತ್ಯಂತ ಸೂಕ್ಷ್ಮ. ಬೆರಳನ್ನು ಜೋರಾಗಿ ಒತ್ತಿ ಎಳೆದರೆ ಪ್ರಯೋಗ ಕೆಡುತ್ತದೆ: ಚರ್ಮ ಅಂಟಿ ಅಂಟಿ ಜಾರುತ್ತದೆ, ಸಣ್ಣ ಕಂಪನ ಅದರಲ್ಲೇ ಮುಳುಗುತ್ತದೆ. ಎಣ್ಣೆಗೈಯೂ ಆಗದು.

ಸ್ಟೀಲ್ ತಟ್ಟೆ ತಣ್ಣಗೆ, ಪಕ್ಕದ ಚಪಾತಿ ಮಣೆ ಬೆಚ್ಚಗೆ ಅನಿಸಿತೇ? ಎರಡರ ಉಷ್ಣತೆಯೂ ಒಂದೇ. ಸುಮಾರು 33 ಡಿಗ್ರಿಯ ಬೆರಳಿನಿಂದ ಶಾಖವನ್ನು ಸ್ಟೀಲು ಬೇಗ ಎಳೆದುಕೊಳ್ಳುತ್ತದೆ. ಮರಕ್ಕಿಂತ ಅದರ ಶಾಖವಾಹಕತೆ ನೂರು ಪಟ್ಟಿನಷ್ಟು ಹೆಚ್ಚು. ರಾಯಚೂರಿನ ಬೇಸಿಗೆಯಲ್ಲಿ, ಕೋಣೆಯೇ 40 ಡಿಗ್ರಿ ಇದ್ದಾಗ, ಲೆಕ್ಕ ತಿರುಗುಮುರುಗು: ಸ್ಟೀಲೇ ಹೆಚ್ಚು ಬಿಸಿ ಅನಿಸುತ್ತದೆ.

ಇನ್ನು ಕಿವಿ. 12 ಸೆಂ.ಮೀ. ಎತ್ತರದ ನೇರ ಲೋಟಕ್ಕೆ ಜಗ್ಗಿನಿಂದ ತೆಳ್ಳಗೆ ನೀರು ಬಿಡಿ. ಸ್ವರ ಏರುತ್ತಾ ಹೋಗುತ್ತದೆ. ಕೇಳುತ್ತಿರುವುದು ನೀರಿನ ಮೇಲಿನ ಗಾಳಿಕಂಬದ ಅನುರಣನ. ಲೋಟ ಬರಿದಾಗಿದ್ದಾಗ ಅದು ಸುಮಾರು 700 ಹರ್ಟ್ಸ್, ಅಂದರೆ ಸೆಕೆಂಡಿಗೆ 700 ಕಂಪನ. ಗಾಳಿ 6 ಸೆಂ.ಮೀ.ಗೆ ಇಳಿದಾಗ ಒಂದು ಸ್ಥಾಯಿ ಮೇಲೆ (ಕಂಪನ ಇಮ್ಮಡಿ), 3 ಸೆಂ.ಮೀ.ಗೆ ಇಳಿದಾಗ ಎರಡು ಸ್ಥಾಯಿ ಮೇಲೆ. ಮೊದಲ ಸ್ಥಾಯಿಗೆ ಅರ್ಧ ಲೋಟ ತುಂಬಬೇಕು, ಎರಡನೆಯದಕ್ಕೆ ಕಾಲು ಲೋಟ ಸಾಕು. ಅದಕ್ಕೇ ಕೊನೆಯಲ್ಲಿ ಸ್ವರ ಧಾವಿಸುತ್ತದೆ. ಆ ಧಾವಂತವೇ ಕೈ ನಿಲ್ಲಿಸುವ ಸೂಚನೆ. ನೊರೆ ಬರುವ ಕಾಫಿಯಲ್ಲಿ ಸ್ವರ ಮಂಕಾಗುತ್ತದೆ, ನಂಬಬೇಡಿ. ಕೊಡದಲ್ಲೂ ಸ್ವರ ಏರುತ್ತದೆ, ಆದರೆ ಅದರ ಕಿರಿದಾದ ಕಂಠದಿಂದಾಗಿ ಈ ಲೆಕ್ಕ ಅಲ್ಲಿ ಹೊಂದುವುದಿಲ್ಲ.

ಗೋಡೆಯನ್ನೂ ಕೇಳಬಹುದು. ಸುಮಾರು 17 ಮೀಟರಿಗಿಂತ ಹತ್ತಿರದ ಗೋಡೆಯ ಪ್ರತಿಧ್ವನಿ ಮೂಲ ಸದ್ದಿನೊಂದಿಗೇ ಬೆರೆತುಬಿಡುತ್ತದೆ. ಬೇರೆಯಾಗಿ ಕೇಳಿಸದು, ಸದ್ದಿನ ಬಣ್ಣವನ್ನಷ್ಟೇ ಬದಲಿಸುತ್ತದೆ. ಸ್ಟೀಲ್ ತಟ್ಟೆಯನ್ನು ಮುಖದಿಂದ ಒಂದು ಅಡಿ ದೂರ ಹಿಡಿದು ‘ಶ್‌ಶ್‌’ ಎಂದು ಎಡೆಬಿಡದೆ ಉಸುರುತ್ತಾ ಹತ್ತಿರ ತನ್ನಿ, ದೂರ ಒಯ್ಯಿರಿ. ಶಬ್ದ ಬಿಗಿಯಾಗಿ ಸಡಿಲವಾಗುವುದು ಸ್ಪಷ್ಟ. ತಟ್ಟೆಯ ಬದಲು ಮಡಿಸಿದ ಕಂಬಳಿ ಹಿಡಿದರೆ ಆ ಬದಲಾವಣೆ ಬಹಳ ಮಂದ. ಇದು ಕಿವಿಗೆ ಸಿಕ್ಕಮೇಲೆ ನಾಲಗೆಯಿಂದ ‘ಟಕ್’ ಮಾಡುತ್ತಾ ಬಾಗಿಲ ಕಡೆ ನಡೆಯಿರಿ. ಚಪ್ಪಾಳೆಗಿಂತ ಇದು ಲೇಸು, ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಇಂಗ್ಲೆಂಡಿನ ಡರ್‌ಹ್ಯಾಮ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೃಷ್ಟಿಯಿಲ್ಲದವರೂ ಇರುವವರೂ 10 ವಾರಗಳ ತರಬೇತಿಯಲ್ಲಿ, ಹೀಗೆ ‘ಟಕ್’ ಮಾಡಿ ಮರಳುವ ಸದ್ದಿನಿಂದ ಸುತ್ತ ಏನಿದೆ ಎಂದು ತಿಳಿಯುವುದನ್ನು ಕಲಿತರು.

ಒಂದು ಎಚ್ಚರಿಕೆ: ಅರ್ಧ ತೆರೆದ ಕಪಾಟಿನ ಬಾಗಿಲಂಚು ತೀರಾ ತೆಳು, ಅದರಿಂದ ಮರಳುವ ಸದ್ದು ಇಲ್ಲವೆಂಬಷ್ಟು ಕಡಿಮೆ. ಮೊಳಕೈ ಮಡಿಸಿ, ತೋಳನ್ನು ಹಣೆಗೆ ಅಡ್ಡವಾಗಿ ಒಂದು ಗೇಣು ಮುಂದೆ, ಅಂಗೈ ಹೊರಮುಖವಾಗಿ ಹಿಡಿದೇ ನಡೆಯಿರಿ.