ಸೈನ್ಯವೇ ಇಲ್ಲದ ಆಟಕ್ಕೆ ರಕ್ಷಣಾ ಮಂತ್ರಿ ಯಾಕೆ?

ಬೀದರ್ ಕೋಟೆಗೆ ಹೋದವರು ಬಂಡೆ ಕೊರೆದು ಮಾಡಿದ ಮೂರು ಸಾಲಿನ ಕಂದಕ ನೋಡಿರುತ್ತೀರಿ. ಕಲಬುರಗಿಯ ನಮ್ಮ ಮನೆಯಲ್ಲಿ ಕೂತು ನಾನು ಕಾಯುತ್ತಿದ್ದ ಜಾಗಕ್ಕೆ ಕಂದಕವಿಲ್ಲ, ತೋಪೂ ಇಲ್ಲ. ಆದರೂ ಅದಕ್ಕೊಬ್ಬ ರಕ್ಷಣಾ ಮಂತ್ರಿ ಇದ್ದ.

ಆ ಜಾಗ ಇದ್ದದ್ದು ಒಂದು ಆನ್‌ಲೈನ್ ಆಟದಲ್ಲಿ, ಹೆಸರು ನೇಷನ್‌ಸ್ಟೇಟ್ಸ್. ಆಸ್ಟ್ರೇಲಿಯಾದ ಕಾದಂಬರಿಕಾರ ಮ್ಯಾಕ್ಸ್ ಬ್ಯಾರಿ ತನ್ನ ಪುಸ್ತಕದ ಪ್ರಚಾರಕ್ಕೆಂದು 2002ರ ನವೆಂಬರ್‌ನಲ್ಲಿ ಶುರು ಮಾಡಿದ್ದು. ನಿಮ್ಮದೊಂದು ದೇಶ ಕಟ್ಟಿ, ಬರುವ ಸಮಸ್ಯೆಗಳಿಗೆ ತೀರ್ಮಾನ ಹೇಳಬೇಕು. ಯುದ್ಧದ ಬಟನ್ ಇಲ್ಲವೇ ಇಲ್ಲ.

ಜಗಳ ಬಂದದ್ದು ಓಟಿನಿಂದ. ದೇಶಗಳೆಲ್ಲ ಒಂದೊಂದು ರೀಜನ್‌ನಲ್ಲಿ, ಅಂದರೆ ಗುಂಪಿನಲ್ಲಿ ಇರುತ್ತವೆ. ಅಲ್ಲಿ ಯಾರಿಗೆ ಎಂಡೋರ್ಸ್‌ಮೆಂಟ್, ಅಂದರೆ ಬೆರೆ ದೇಶಗಳ ಬೆಂಬಲ, ಜಾಸ್ತಿಯೋ ಅವರೇ ಡೆಲಿಗೇಟ್, ಅಂದರೆ ರೀಜನ್‌ನ ಮುಖಂಡ. ಹೊರಗಿನವರು ಗುಂಪಾಗಿ ನುಗ್ಗಿ ತಮ್ಮವನಿಗೇ ಬೆಂಬಲ ಒತ್ತಿದರೆ ಗದ್ದುಗೆ ಅವರದು. ರೆಸಾರ್ಟ್ ರಾಜಕೀಯ ನೋಡಿದ ನಮಗೆ ಇದೇನು ಹೊಸದಲ್ಲ ಬಿಡಿ. ಹೀಗೆ ನುಗ್ಗುವವರು ರೈಡರ್‌ಗಳು, ತಡೆಯುವವರು ಡಿಫೆಂಡರ್‌ಗಳು.

ಈ ಬೆಂಬಲದ ಲೆಕ್ಕ ನಡೆಯುವುದು ದಿನಕ್ಕೆ ಎರಡೇ ಸಲ. ನಮ್ಮ ಗಡಿಯಾರದಲ್ಲಿ ಬೇಸಿಗೆಗೆ ಬೆಳಗ್ಗೆ, ರಾತ್ರಿ 9.30ಕ್ಕೆ ಶುರು, ಚಳಿಗಾಲಕ್ಕೆ 10.30. ಒಂದಾದ ಮೇಲೊಂದು ರೀಜನ್‌ನ ಸರದಿ ಬರುತ್ತದೆ. ಸರದಿಗೆ ಕೆಲವೇ ಸೆಕೆಂಡ್ ಇರುವಾಗ ರೈಡರ್‌ಗಳು ಒಳಗೆ. ಅಷ್ಟರಲ್ಲೇ ನಾವೂ ಆ ರೀಜನ್‌ಗೆ ಹಾರಿ ಹಳೆಯ ಡೆಲಿಗೇಟ್‌ಗೆ ಬೆಂಬಲ ಒತ್ತಬೇಕು. ಯಾರು ಎಚ್ಚರ ಇದ್ದಾರೆ, ಯಾರು ಎಲ್ಲಿಗೆ ಹಾರಬೇಕು ಅಂತ ನೋಡಿಕೊಳ್ಳಲು ಒಬ್ಬರು ಬೇಕಾಯಿತು. ರಕ್ಷಣಾ ಖಾತೆ ಅಂದರೆ ಇದೇ.

ಒಂದು ಮೇ ರಾತ್ರಿ ನಮ್ಮ ಸರದಿ 9.50ರ ಸುಮಾರಿಗಿತ್ತು. ರೊಟ್ಟಿ, ಪುಂಡಿಪಲ್ಯದ ತಾಟು ಬದಿಗೆ ಸರಿಸಿ ಕೂತಿದ್ದೆ. 9.48ಕ್ಕೆ ಕರೆಂಟ್ ಹೋಯಿತು. ಮೊಬೈಲ್ ಹಾಟ್‌ಸ್ಪಾಟ್ ಹಚ್ಚುವಷ್ಟರಲ್ಲಿ ರೀಜನ್‌ನ ಬಾವುಟವೇ ಬದಲಾಗಿತ್ತು. "ಇಷ್ಟೊತ್ತಿನ್ಯಾಗ ಯಾರ ಸಂಗಾಟ ಜಗಳ ಹಚ್ಚೀದಿ?" ಎಂದಳು ಅವ್ವ.

ಆಟ ನಡೆಸುವವರೂ ನಿಯಮ ತಿದ್ದುತ್ತಲೇ ಬಂದರು. 2006ರಲ್ಲಿ ಇನ್‌ಫ್ಲುಯೆನ್ಸ್ ಬಂತು, ಅಂದರೆ ರೀಜನ್‌ನಲ್ಲಿ ಇದ್ದಷ್ಟೂ ಬೆಳೆಯುವ ಪ್ರಭಾವದ ಲೆಕ್ಕ. ನಿನ್ನೆ ಬಂದವರು ಹಳಬರನ್ನು ಸುಮ್ನೆ ಹೊರಗೆ ಹಾಕುವುದು ಕಷ್ಟವಾಯಿತು. ಗೆದ್ದವರು ಪಾಸ್‌ವರ್ಡ್ ಜಡಿದು ಬಾಗಿಲು ಹಾಕಿಕೊಳ್ಳುತ್ತಿದ್ದರು. 2009ರಲ್ಲಿ ಬಂದ ಸೆಕ್ಯುರಿಟಿ ಕೌನ್ಸಿಲ್ ಎಂಬ ಆಟದೊಳಗಿನ ಸಭೆ ಓಟು ಹಾಕಿ ಆ ಬೀಗ ಒಡೆಯಬಹುದು. ರೀಜನ್ ಕಟ್ಟಿದ ಸ್ಥಾಪಕ ಇದ್ದರೆ ಇಷ್ಟೆಲ್ಲ ಭಯವಿರಲಿಲ್ಲ, ಅವನ ಅಧಿಕಾರ ಓಟಿನಿಂದ ಹೋಗುತ್ತಿರಲಿಲ್ಲ. ಆದರೆ 28 ದಿನ ಲಾಗಿನ್ ಆಗದಿದ್ದರೆ ಸಾಮಾನ್ಯವಾಗಿ ಅವನ ದೇಶವೇ ಅಳಿಯುತ್ತದೆ. ರೈಡರ್‌ಗಳು ಕಾಯುವುದೇ ಅಂಥ ಅನಾಥ ರೀಜನ್‌ಗೆ.

2023ರಲ್ಲಿ ಫ್ರಾಂಟಿಯರ್, ಸ್ಟ್ರಾಂಗ್‌ಹೋಲ್ಡ್ ಎಂಬ ಎರಡು ದಾರಿ ತೆರೆದವು. ಫ್ರಾಂಟಿಯರ್ ಆದರೆ ಹೊಸ ಆಟಗಾರರು ತಾವಾಗೇ ಬಂದು ಸೇರುತ್ತಾರೆ, ಆದರೆ ಹಳೆಯ ಸ್ಥಾಪಕನ ಹಾಗೆ ಕಾಯುವ ಗವರ್ನರ್ ಇರುವುದಿಲ್ಲ; ಅವನು ಇರುವುದು ಸ್ಟ್ರಾಂಗ್‌ಹೋಲ್ಡ್‌ನಲ್ಲಿ. ಜನ ಜಾಸ್ತಿ ಆಗಲಿ, ಫ್ರಾಂಟಿಯರ್ ಆಗೋಣ ಅಂದೆವು ನಾವೆಲ್ಲ. ಬೇಡ ಅಂದವನು ರಕ್ಷಣಾ ಮಂತ್ರಿ ಒಬ್ಬನೇ. ದಿನಾ ಎರಡು ಹೊತ್ತು ಎದ್ದು ಕೂರುವವನು ಅವನೇ ಅಲ್ವಾ?