ಶಾನುಭೋಗಿಕೆ ಹೋಯಿತು, ಸಿಂಹಾಸನ ಯಾಕೆ ಉಳಿಯಬೇಕು?

ಶಿರಸಿ ಸುತ್ತಮುತ್ತಲ ಜಮೀನು ವ್ಯಾಜ್ಯಗಳಲ್ಲಿ ಹಳೇ ಶಾನುಭೋಗಿಕೆ, ಪಟೇಲಿಕೆಯ ಕಾಗದಗಳು ಈಗಲೂ ಕೈಗೆ ಬರುತ್ತವೆ. ಮಡಚಿದ ಗೆರೆಯಲ್ಲೇ ಹರಿದಿರುತ್ತವೆ. ಅಪ್ಪನ ನಂತರ ಮಗ, ಮಗನ ನಂತರ ಮೊಮ್ಮಗ. ಊರಿನ ಲೆಕ್ಕ ಬರೆಯುವ ಹಕ್ಕು ಒಂದೇ ಮನೆತನದ್ದು. 1961ರ ರಾಜ್ಯ ಕಾಯ್ದೆ ಇದನ್ನು ರದ್ದು ಮಾಡಿತು. ಆ ಹೊತ್ತಿಗೇ ಆಂಧ್ರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಗ್ರಾಮದ ಹುದ್ದೆಯೂ ಸರ್ಕಾರಿ ಹುದ್ದೆಯೇ, ವಂಶ ನೋಡಿ ಕೊಡುವುದು ಸಂವಿಧಾನದ 16ನೇ ವಿಧಿಗೆ ವಿರುದ್ಧ ಎಂದಿತ್ತು.

ಆ ಕಾಯ್ದೆಯಲ್ಲಿ ನನಗೆ ಹಿಡಿಸಿದ್ದು ಇನ್ನೊಂದು ಅಂಶ. ಹುದ್ದೆ ಹೋಯಿತು. ಆದರೆ ಹುದ್ದೆಗೆ ಅಂಟಿಕೊಂಡಿದ್ದ ಜಮೀನನ್ನು ಹಣ ಕಟ್ಟಿಸಿಕೊಂಡು ಆ ಮನೆಯವರಿಗೇ ಮರುಮಂಜೂರು ಮಾಡಲು ದಾರಿ ಇಟ್ಟರು. ಆಸ್ತಿ ಬೇರೆ, ಅಧಿಕಾರ ಬೇರೆ ಅಂತ ಸ್ಪಷ್ಟವಾಗಿ ಗೆರೆ ಎಳೆದರು.

ರಾಜಪ್ರಭುತ್ವ ಬೇಕೋ ಬೇಡವೋ ಎಂದು ಯಾರಾದರೂ ಕೇಳಿದರೆ ನಾನು ಇದೇ ಅಳತೆಗೋಲು ಹಿಡಿಯುತ್ತೇನೆ. ನನ್ನ ಉತ್ತರ: ಬೇಡ. ಊರಿನ ಲೆಕ್ಕ ಬರೆಯುವ ಕೆಲಸವೇ ಹುಟ್ಟಿನಿಂದ ಬರಬಾರದು ಎಂದಾದರೆ, ದೇಶದ ಅತಿ ಎತ್ತರದ ಹುದ್ದೆ ಬರಬಹುದೇ? ಬ್ರಿಟನ್ನಿನಲ್ಲಿ ಮಿತಿ ಮೀರಿದ ಪಿತ್ರಾರ್ಜಿತ ಆಸ್ತಿಗೆ ಸಾಮಾನ್ಯರು ಶೇ. 40 ತೆರಿಗೆ ಕಟ್ಟುತ್ತಾರೆ. ರಾಣಿಯಿಂದ ರಾಜನಿಗೆ ಹೋದದ್ದಕ್ಕೆ ಅದು ಇಲ್ಲ. ಅಲ್ಲಿ ಅಧಿಕಾರದ ಜೊತೆ ಆಸ್ತಿಗೂ ರಿಯಾಯಿತಿ.

ರಾಜ ಇರಲಿ ಎನ್ನುವವರ ಗಟ್ಟಿ ವಾದ ಒಂದಿದೆ. ಪಕ್ಷಗಳ ಜಗಳಕ್ಕೆ ಸಿಗದ, ಅಂಪೈರ್ ಥರದ ಒಬ್ಬರು ಬೇಕು ಅಂತ. 1981ರಲ್ಲಿ ಸ್ಪೇನಿನಲ್ಲಿ ಸೇನೆಯ ಕೆಲವರು ದಂಗೆ ಎದ್ದಾಗ ರಾಜ ಹ್ವಾನ್ ಕಾರ್ಲೋಸ್ ಪ್ರಜಾಪ್ರಭುತ್ವದ ಪರ ನಿಂತದ್ದು ನಿಜ. ಆದರೆ 2019ರ ಬ್ರಿಟನ್ ನೋಡಿ. ಪ್ರಧಾನಿ ಬೋರಿಸ್ ಜಾನ್ಸನ್ ಐದು ವಾರ ಸಂಸತ್ತು ಮುಚ್ಚಿಸಲು ಸಲಹೆ ಕೊಟ್ಟರು, ರಾಣಿ ಒಪ್ಪಿದರು. ಸಂಪ್ರದಾಯದ ಪ್ರಕಾರ ಅವರು ಒಪ್ಪಲೇಬೇಕಿತ್ತು. ತಡೆದದ್ದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳು, ಅದೂ ಒಮ್ಮತದಿಂದ. ಹಾಗಾದರೆ ಅಂಪೈರ್ ಯಾರಾದರು?

ರಾಜ ಹೋದರೆ ಎಲ್ಲ ಸರಿಯಾಗುತ್ತದೆ ಎಂದೂ ನಾನು ಹೇಳುವುದಿಲ್ಲ. ನಮ್ಮ ಸಿದ್ದಾಪುರದ ರಾಮಕೃಷ್ಣ ಹೆಗಡೆಯವರ ನಂತರ ಮುಖ್ಯಮಂತ್ರಿಯಾದ ಎಸ್.ಆರ್. ಬೊಮ್ಮಾಯಿಯವರಿಗೆ 1989ರಲ್ಲಿ ಸದನದಲ್ಲಿ ಬಹುಮತ ತೋರಿಸುವ ಅವಕಾಶವನ್ನೇ ಕೊಡಲಿಲ್ಲ. ರಾಜ್ಯಪಾಲರ ವರದಿ ಹೋಯಿತು, ಸರ್ಕಾರ ವಜಾ ಆಯಿತು. ಗಣರಾಜ್ಯದಲ್ಲೇ ಹೀಗಾಯಿತು ಅಲ್ವಾ! 1994ರಲ್ಲಿ ಸುಪ್ರೀಂ ಕೋರ್ಟ್, ಬಹುಮತ ತೀರ್ಮಾನವಾಗಬೇಕಾದದ್ದು ಸದನದಲ್ಲೇ ಎಂದು ಹೇಳಿದ ಮೇಲೆಯೇ ಆ ಅಧಿಕಾರಕ್ಕೆ ಲಗಾಮು ಬಿತ್ತು. ಹುದ್ದೆಯಲ್ಲಿ ಯಾರೇ ಕೂರಲಿ, ಅವರ ನಿರ್ಧಾರವನ್ನು ಪ್ರಶ್ನಿಸುವ ಕೋರ್ಟು ಬೇಕು, ಅವರನ್ನು ಇಳಿಸುವ ದಾರಿ ಬೇಕು. ನಮ್ಮ ರಾಷ್ಟ್ರಪತಿಗೆ ಐದು ವರ್ಷದ ಅವಧಿ ಇದೆ, 61ನೇ ವಿಧಿಯ ಮಹಾಭಿಯೋಗ ಇದೆ.

ಇನ್ನು ರದ್ದು ಮಾಡುವ ರೀತಿ. ಮೊದಲು ಜನರನ್ನು ಕೇಳಬೇಕು. ಕೇಳುವ ಮುಂಚೆ, ರಾಜನ ಜಾಗಕ್ಕೆ ಬರುವವರನ್ನು ಆರಿಸುವುದು ಹೇಗೆ ಎಂಬುದನ್ನೂ ಇತ್ಯರ್ಥ ಮಾಡಿಕೊಳ್ಳಬೇಕು. ಬ್ರಿಟನ್ನಿನ ರಾಣಿಯನ್ನು ಕೈಬಿಡಬೇಕೇ ಎಂದು 1999ರಲ್ಲಿ ಜನಮತ ಕೇಳಿದ ಆಸ್ಟ್ರೇಲಿಯಾ ಎಡವಿದ್ದು ಇಲ್ಲೇ. ಅಧ್ಯಕ್ಷರನ್ನು ಸಂಸತ್ತು ಆರಿಸುತ್ತದೆ ಎಂದಾಗ, ನಾವೇ ಆರಿಸಬೇಕು ಎನ್ನುತ್ತಿದ್ದ ಗಣರಾಜ್ಯವಾದಿಗಳಲ್ಲೂ ಹಲವರು ವಿರುದ್ಧ ಮತ ಹಾಕಿದರು.

ಇಟಲಿ 1946ರಲ್ಲಿ ಮತದಾನದಿಂದಲೇ ರಾಜಪ್ರಭುತ್ವ ಕೈಬಿಟ್ಟಿತು, ಅದು ಸರಿ. ಆದರೆ ಕೊನೆಯ ರಾಜನ ಗಂಡು ಸಂತಾನ ದೇಶಕ್ಕೆ ಕಾಲಿಡದಂತೆ ಸಂವಿಧಾನದಲ್ಲೇ ಬರೆದು, ಆ ನಿಷೇಧವನ್ನು 2002ರವರೆಗೆ ಇಟ್ಟುಕೊಂಡಿತು. ನನ್ನ ಪ್ರಕಾರ ಅದು ಅನ್ಯಾಯ. ನೇಪಾಳ 2008ರಲ್ಲಿ ರಾಜ ಜ್ಞಾನೇಂದ್ರರಿಂದ ಅರಮನೆ ಬಿಡಿಸಿತು, ಅವರು ದೇಶದಲ್ಲೇ ಸಾಮಾನ್ಯ ಪ್ರಜೆಯಾಗಿ ಉಳಿದರು. ನಮ್ಮ ಶಾನುಭೋಗರ ಮೊಮ್ಮಕ್ಕಳೂ ಅದೇ ಊರಲ್ಲಿ ತೋಟ ಮಾಡಿಕೊಂಡಿದ್ದಾರೆ.