ಪಾಕೀಟು ಹಿಂದಿನ ಕಿಸೆಯಲ್ಲೋ, ಮುಂದಿನ ಕಿಸೆಯಲ್ಲೋ?

ಸಿಂಧನೂರಿನ ಓದುಗರೊಬ್ಬರ ಪ್ರಶ್ನೆ: "ದಿನಾ ಬೈಕಿನಲ್ಲಿ ಮಸ್ಕಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ಕಾಲೇಜು ದಿನಗಳಿಂದ ಪಾಕೀಟು ಹಿಂದಿನ ಬಲಗಡೆ ಕಿಸೆಯಲ್ಲೇ. ಈಗೀಗ ಬಲಗಾಲು ಜೋಮು ಹಿಡಿಯುತ್ತದೆ. ಮುಂದಿನ ಕಿಸೆಗೆ ಹಾಕಿದರೆ ತೊಡೆಗೆ ಒತ್ತುತ್ತದೆ, ಅಂಗಿ ಕಿಸೆಗೆ ಹಾಕಿದರೆ ಬೆವರಿಗೆ ಎಲ್ಲ ಒದ್ದೆ. ಹಾಗಾದ್ರೆ ಎಲ್ಲಿ ಇಡೋದು? ಮನೇಲಿ ಲುಂಗಿ ಉಟ್ಟಾಗಂತೂ ಗೊತ್ತೇ ಆಗಲ್ಲ."

ಮುಂದಿನ ಕಿಸೆ. ಆದರೆ ಈಗಿರೋ ಪಾಕೀಟನ್ನ ಹಾಗೇ ಎತ್ತಿ ಮುಂದಕ್ಕೆ ಹಾಕಿದರೆ ಒತ್ತದೆ ಇನ್ನೇನು ಮಾಡುತ್ತದೆ? ಮೊದಲು ಅದರ ಹೊಟ್ಟೆ ಇಳಿಸಬೇಕು.

ಜೋಮಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಸೊಂಟದಿಂದ ಹೊರಟು, ಕುಂಡಿಯೊಳಗಿನ ಪಿರಿಫಾರ್ಮಿಸ್ ಅನ್ನೋ ಸಣ್ಣ ಸ್ನಾಯುವಿನ ಅಡಿಯಿಂದ ನುಸುಳಿ, ಕಾಲಿನ ಹಿಂಭಾಗದಲ್ಲಿ ಇಳಿದು ಹೋಗೋ ಒಂದು ನರ ಇದೆ. ಸಯಾಟಿಕ್ ನರ ಅಂತಾರೆ. ಮೈಯಲ್ಲಿರೋ ನರಗಳಲ್ಲೆಲ್ಲ ದಪ್ಪದ್ದು ಇದೇ. ಹಿಂದಿನ ಕಿಸೆಯಲ್ಲಿ ದಪ್ಪ ಪಾಕೀಟು ಇಟ್ಟು ಕೂತರೆ ಸರಿಯಾಗಿ ಆ ಜಾಗಕ್ಕೇ ಒತ್ತುತ್ತದೆ. ಜೊತೆಗೆ ಒಂದು ಕಡೆ ಕುಂಡಿ ಎತ್ತರ, ಇನ್ನೊಂದು ಕಡೆ ತಗ್ಗು. ಸೊಂಟ ವಾಲುತ್ತದೆ, ಅದನ್ನ ಸರಿ ಮಾಡಿಕೊಳ್ಳೋಕೆ ಬೆನ್ನು ಇನ್ನೊಂದು ಕಡೆ ಬಾಗುತ್ತದೆ. ಮನೆ ಕಟ್ಟುವಾಗ ಒಂದು ಕಂಬದ ಅಡಿಗೆ ಚಕ್ಕೆ ಕಲ್ಲು ಜಾಸ್ತಿ ಕೊಟ್ಟ ಹಾಗೆ. 1978ರಲ್ಲೇ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ವೈದ್ಯರೊಬ್ಬರು ಇದಕ್ಕೆ 'ಕ್ರೆಡಿಟ್ ಕಾರ್ಡ್ ವ್ಯಾಲೆಟ್ ಸಯಾಟಿಕಾ' ಅಂತ ಹೆಸರಿಟ್ಟು ಬರೆದಿದ್ದರು. ಅಂದ್ರೆ ನಿಮ್ಮ ಕಾಲಿನ ತಕರಾರು ಹೊಸದೇನಲ್ಲ. ಹಾಗಂತ ಕಾಲು ನೋವೆಲ್ಲ ಪಾಕೀಟಿನಿಂದಲೇ ಬರಲ್ಲ, ಬೆನ್ನಿನ ಡಿಸ್ಕಿನಿಂದಲೂ ಬರುತ್ತದೆ. ಎರಡು ಮೂರು ವಾರ ಪಾಕೀಟು ಹಿಂದಿನಿಂದ ತೆಗೆದು ನೋಡಿ. ಆಗಲೂ ಹೋಗದಿದ್ದರೆ, ಕಾಲಿನಲ್ಲಿ ಶಕ್ತಿ ಕಮ್ಮಿ ಅನಿಸಿದರೆ, ಸುಮ್ನೆ ಕೂರಬೇಡಿ, ಡಾಕ್ಟರಿಗೆ ತೋರಿಸಿ.

ಹಿಂದಿನ ಕಿಸೆ ಕೆಟ್ಟದ್ದು ಅಂತ ನಾನು ಹೇಳೋದಿಲ್ಲ. ನಿಂತು ಕೆಲಸ ಮಾಡೋರಿಗೆ ಅದು ಆರಾಮೇ. ಕೂತಾಗ ಮಾತ್ರ ತೊಂದರೆ. ಬಳ್ಳಾರಿಯಿಂದ ಸಿರುಗುಪ್ಪ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿಗೆ ಬಸ್ಸಲ್ಲಿ ಕೂತು ಹೋಗಿ ನೋಡಿ. ಮಾನ್ವಿ ಬರೋ ಹೊತ್ತಿಗೆ ಯಾವ ಕಡೆ ಪಾಕೀಟಿದೆ ಅಂತ ಕುಂಡಿಯೇ ಹೇಳುತ್ತದೆ.

ಈಗ ಹೊಟ್ಟೆ ಇಳಿಸೋ ಕೆಲಸ. ನಿಮ್ಮ ಪ್ರಶ್ನೆ ಓದಿದ ಮೇಲೆ ನನ್ನ ಪಾಕೀಟನ್ನೂ ಹಾಸಿಗೆ ಮೇಲೆ ಬೋರಲು ಹಾಕಿದೆ. ಎರಡು ಎಟಿಎಂ ಕಾರ್ಡು, ಅದರಲ್ಲೊಂದರ ಅವಧಿ 2021ಕ್ಕೇ ಮುಗಿದಿದೆ. ಪ್ಯಾನ್ ಕಾರ್ಡು. ಆಧಾರಿನ ಜೆರಾಕ್ಸು, ನಾಲ್ಕು ಮಡಿಕೆ, ಮಡಿಕೆಯಲ್ಲೇ ಹರಿದು ನಾಲ್ಕು ತುಂಡು. ಪಾಸ್‌ಪೋರ್ಟ್ ಸೈಜಿನ ಐದು ಫೋಟೋ, ಅದರಲ್ಲಿ ನನಗೆ ಇನ್ನೂ ಕೂದಲಿದೆ. ಹುಲಿಗೆಮ್ಮನ ಭಂಡಾರದ ಸಣ್ಣ ಪೊಟ್ಟಣ, ಒಡೆದು ಒಂದು ಮೂಲೆ ಪೂರ್ತಿ ಅರಿಶಿನ. ಅಕ್ಷರ ಅಳಿಸಿ ಬರೀ ಬಿಳಿ ಚೀಟಿಯಾಗಿರೋ ಏಳೆಂಟು ಬಸ್ ಟಿಕೆಟ್ಟು. ಯಾರದ್ದೋ ವಿಸಿಟಿಂಗ್ ಕಾರ್ಡು, ಬೋರ್‌ವೆಲ್ ಕೊರೆಯೋರದ್ದು. ನನಗೆ ಹೊಲವೇ ಇಲ್ಲ! ಇಷ್ಟೆಲ್ಲ ಸಾಮಾನಿನ ನಡುವೆ ದುಡ್ಡು 340 ರೂಪಾಯಿ. ಸ್ಕೇಲ್ ಇಟ್ಟು ನೋಡಿದರೆ ಮಡಚಿದ ಪಾಕೀಟು 28 ಮಿಲಿಮೀಟರ್ ದಪ್ಪ.

ಲೆಕ್ಕ ನೋಡಿ. ಬ್ಯಾಂಕಿನ ಕಾರ್ಡಿಗೆ ಲೋಕಕ್ಕೆಲ್ಲ ಒಂದೇ ಅಳತೆ: 85.6 ಮಿಲಿಮೀಟರ್ ಉದ್ದ, 54 ಅಗಲ, ದಪ್ಪ 0.76. ಹತ್ತು ಕಾರ್ಡು ಜೋಡಿಸಿದರೂ 8 ಮಿಲಿಮೀಟರ್ ಆಗಲ್ಲ. ಹಾಗಾದ್ರೆ 28 ಎಲ್ಲಿಂದ ಬಂತು? ಮಡಚೋದರಿಂದ. ಮಡಚುವ ಪಾಕೀಟಿನಲ್ಲಿ ಒಂದು ಚೀಟಿ ಎರಡು ಚೀಟಿ ಆಗುತ್ತದೆ, ಒಂದು ಪದರದ ಚರ್ಮ ಎರಡು ಪದರ ಆಗುತ್ತದೆ. ಅದಕ್ಕೇ ಕಾರ್ಡಿಗಿಂತ ಕಾಗದವೇ ದೊಡ್ಡ ವೈರಿ. ನಾನು ಒಂದು ಎಟಿಎಂ ಕಾರ್ಡು, ನಾಲ್ಕೈದು ನೋಟು ಇಷ್ಟೇ ಉಳಿಸಿದೆ, ಭಂಡಾರ ದೇವರ ಗೂಡಿಗೆ ಹೋಯಿತು. ಈಗ 11 ಮಿಲಿಮೀಟರ್. ಮುಂದಿನ ಕಿಸೆಯಲ್ಲಿ ಇದೆಯೋ ಇಲ್ಲವೋ ಅಂತ ಮುಟ್ಟಿ ನೋಡಿಕೊಳ್ಳುವಷ್ಟು ಹಗುರ.

ಪಾಕೀಟು ಹಳೇದಾಗಿದ್ದರೆ ಇನ್ನೊಂದು ಮಾತು. 2016ರ ನವೆಂಬರ್ 8ರ ಮುಂಚಿನ 500ರ ನೋಟು 167 ಮಿಲಿಮೀಟರ್ ಉದ್ದ, 73 ಅಗಲ ಇತ್ತು. ಈಗಿನದು 150 ಉದ್ದ, 66 ಅಗಲ. ಹತ್ತರ ನೋಟಂತೂ 123 ಮಿಲಿಮೀಟರೇ. ನೋಟು ಚಿಕ್ಕದಾಯಿತು, ಪಾಕೀಟು ಮಾತ್ರ ಹಳೇ ಅಳತೆಯಲ್ಲೇ ಉಳಿಯಿತು. ಚಿಕ್ಕ ಪಾಕೀಟು ತಗೊಂಡರೆ ನಡೆಯುತ್ತದೆ ಅಂತ ಇಷ್ಟು ಹೇಳಿದ್ದು.

ಡಿಎಲ್, ಆರ್‌ಸಿ ಬಿಟ್ಟು ಬೈಕ್ ಓಡಿಸೋದು ಹೇಗೆ ಅಂತ ನೀವು ಕೇಳಬಹುದು. ಡಿಜಿಲಾಕರ್ ಇಲ್ಲವೇ ಎಂಪರಿವಾಹನ್ ಆ್ಯಪಿನಲ್ಲಿ ತೋರಿಸಿದರೆ ಮೂಲ ದಾಖಲೆಗೆ ಸಮ ಅಂತ ಕೇಂದ್ರದ ಸಾರಿಗೆ ಸಚಿವಾಲಯ 2018ರಲ್ಲೇ ರಾಜ್ಯಗಳಿಗೆ ತಿಳಿಸಿದೆ. ಗ್ಯಾಲರಿಯಲ್ಲಿರೋ ಫೋಟೋ ತೋರಿಸಿದರೆ ಆಗಲ್ಲ, ಆ್ಯಪನ್ನೇ ತೆರೆದು ತೋರಿಸಬೇಕು.

ಚಿಲ್ಲರೆಯನ್ನ ಪಾಕೀಟಿಗೆ ಹಾಕಲೇಬೇಡಿ. ಹತ್ತರ ನಾಣ್ಯ ಒಂದೊಂದು ಏಳೂವರೆ ಗ್ರಾಮಿಗಿಂತ ಜಾಸ್ತಿ, ಐದು ಸೇರಿದರೆ 40 ಗ್ರಾಮಿನ ಹತ್ತಿರ. ಮೇಲಾಗಿ ನಮ್ಮ ಕಡೆ ಹತ್ತರ ನಾಣ್ಯ ಕಿಸೆಗೆ ಬಂದರೆ ಹೊರಗೆ ಹೋಗೋದೇ ಕಷ್ಟ. ಚಲಾವಣೆಯಲ್ಲಿದೆ, ತಗೊಳ್ಳಿ ಅಂತ ರಿಸರ್ವ್ ಬ್ಯಾಂಕ್ ಎಷ್ಟು ಸಲ ಹೇಳಿದರೂ ಚಹಾದ ಅಂಗಡಿಯವನು ಕೈ ಅಲ್ಲಾಡಿಸ್ತಾನೆ.

ಇನ್ನು ಅಂಗಿ ಕಿಸೆ. ನಮ್ಮಲ್ಲಿ ವಯಸ್ಸಾದವರಿಗೆ ಇದರ ಮೇಲೆ ಬಹಳ ನಂಬಿಕೆ. ಕಣ್ಣೆದುರಿಗೇ ಇರುತ್ತದೆ, ಕೂತರೂ ಒತ್ತಲ್ಲ, ಕೈ ಹಾಕಿದರೆ ಸಿಗುತ್ತದೆ. ಬಗ್ಗಿದಾಗ ಮಾತ್ರ ಕೆಡುತ್ತದೆ. ನಮ್ಮ ಚಿಕ್ಕಪ್ಪ ಎಡದಂಡೆ ನಾಲೆಯಲ್ಲಿ ಮುಖ ತೊಳೆಯೋಕೆ ಬಗ್ಗಿದ್ದೇ ಬಗ್ಗಿದ್ದು, ಫೋನು ಮೀನಿನ ಹಾಗೆ ಜಾರಿ ಹೋಯಿತು. ಆಮೇಲೆ ಎರಡು ದಿನ ಆ ಫೋನಿಗೆ ಕರೆ ಮಾಡಿ ನೋಡುತ್ತಿದ್ದರು ಪಾಪ. ಹಳೇ ಮಂದಿ ಅಂಗಿ ಕಿಸೆಯ ಬಾಯಿಗೆ ಪಿನ್ನು ಚುಚ್ಚಿಕೊಳ್ಳೋದು ನೋಡಿದ್ದೀರಲ್ವಾ? ಅದನ್ನ ನೋಡಿ ನಗುತ್ತಿದ್ದೆ, ಈಗ ನಗಲ್ಲ. ಬೆವರಿನ ಬಗ್ಗೆ ಜಾಸ್ತಿ ಹೆದರಬೇಡಿ. ನಮ್ಮ ನೋಟಿನ ಕಾಗದ ನೂರಕ್ಕೆ ನೂರು ಹತ್ತಿಯದು, ಅದಕ್ಕೇ ಒಗೆಯೋಕೆ ಹಾಕಿದ ಪ್ಯಾಂಟಿನಲ್ಲಿ ಉಳಿದ ನೋಟೂ ಒಣಗಿದರೆ ಬದುಕುತ್ತದೆ. ರಾಯಚೂರು ಜಿಲ್ಲೆಯವರಿಗೆ ನಾನು ಹತ್ತಿಯ ಗುಣ ಹೇಳಬೇಕಾ? ಬೆವರಿಗೆ ಹಾಳಾಗೋದು ಜೆರಾಕ್ಸು, ಚೀಟಿ, ಫೋಟೋ. ಆದರೆ ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ಅಂಗಿ ಕಿಸೆಯಲ್ಲಿ ಫೋನಿಟ್ಟು ಬೈಕ್ ಓಡಿಸೋದು ಬೇಡ. ಬಿಸಿ ಅಂದ್ರೆ ಲಿಥಿಯಂ ಬ್ಯಾಟರಿಗೆ ಆಗಲ್ಲ, ಬೇಗ ಮುದಿಯಾಗುತ್ತದೆ.

ಕಳ್ಳರ ವಿಷಯಕ್ಕೆ ಬರೋಣ. ಇದು ನನ್ನ ಸ್ವಂತ ಅನುಭವ, ಅದಕ್ಕೇ ಸ್ವಲ್ಪ ಉದ್ದ. ಮೂರು ವರ್ಷದ ಹಿಂದೆ ಒಂದು ಜಾತ್ರೆ ಮುಗಿಸಿ ಬಸ್ ಹತ್ತುತ್ತಿದ್ದೆ. ಬಾಗಿಲಲ್ಲಿ ಜನ ಕಿಕ್ಕಿರಿದಿದ್ದರು, ಒಂದು ಕೈಯಲ್ಲಿ ಮಂಡಾಳು ಮಿರ್ಚಿಯ ಪೊಟ್ಟಣ, ಇನ್ನೊಂದು ಕೈ ಮೇಲೆತ್ತಿ ರಾಡು ಹಿಡಿದೆ. ಕೈ ಎತ್ತಿದ ಕೂಡಲೇ ಅಂಗಿ ಮೇಲೆ ಹೋಯಿತು, ಹಿಂದಿನ ಕಿಸೆ ಬಯಲಾಯಿತು. ಯಾರೋ ಹಿಂದಿನಿಂದ ನೂಕಿದರು, ನಾನು "ಏ, ಸಾವಕಾಶ" ಅಂದೆ. ಅವನು "ತಪ್ಪಾತ್ರಿ ಅಣ್ಣ" ಅಂದ. ಎಷ್ಟು ಮರ್ಯಾದಸ್ಥ ಹುಡುಗ ಅಂದುಕೊಂಡೆ. ಟಿಕೆಟ್ ತಗೊಳ್ಳೋಕೆ ಕೈ ಹಾಕಿದರೆ ಕಿಸೆ ಖಾಲಿ. ಮಿರ್ಚಿ ಮಾತ್ರ ಬಿಸಿಬಿಸಿಯಾಗಿ ಕೈಯಲ್ಲೇ ಇತ್ತು. ಪಕ್ಕದ ಹೆಂಗಸೊಬ್ಬರು ಟಿಕೆಟ್ಟಿಗೆ ದುಡ್ಡು ಕೊಟ್ಟರು.

ಗಮನಿಸಿ, ನಾನು ಆ ನೂಕಾಟವನ್ನ ತಿಳಿದುಕೊಂಡಿದ್ದೆ. ಪಾಕೀಟು ಹೋದದ್ದು ತಿಳಿಯಲಿಲ್ಲ. ಒಂದು ಕಡೆ ಜೋರಾಗಿ ಒತ್ತಿದರೆ ಇನ್ನೊಂದು ಕಡೆಯ ಸಣ್ಣ ಸ್ಪರ್ಶ ಮೈಗೆ ಗೊತ್ತಾಗಲ್ಲ, ಕಿಸೆಗಳ್ಳರ ಬಂಡವಾಳವೇ ಅದು. ಮುಂದಿನ ಕಿಸೆಯಾದರೆ ತೊಡೆಯ ಮೇಲೆ ಕೈ ಬಂದರೆ ಗೊತ್ತಾಗುತ್ತದೆ, ನಮ್ಮ ಕೈಯೂ ಅಲ್ಲೇ ಹತ್ತಿರ ಇರುತ್ತದೆ. ಪಾಕೀಟನ್ನ ನಿಲ್ಲಿಸಿ ಇಡಬೇಡಿ, ಅಡ್ಡ ಇಡಿ. ಎಳೆದರೆ ಕಿಸೆಯ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಯಂಥ ಜನಸಾಗರಕ್ಕೆ, ಇಲ್ಲವೇ ಹುಣ್ಣಿಮೆ ದಿನ ಹುಲಿಗೆಮ್ಮನ ದರ್ಶನಕ್ಕೆ ಹುಲಿಗಿಗೆ ಹೋಗೋದಿದ್ದರೆ ಪಾಕೀಟನ್ನೇ ಮನೆಯಲ್ಲಿಟ್ಟು, ಎರಡು ಕಿಸೆಗೆ ಸ್ವಲ್ಪ ಸ್ವಲ್ಪ ದುಡ್ಡು ಹಾಕಿಕೊಂಡು ಹೋಗೋದು ಜಾಣತನ.

ಇದಕ್ಕಿಂತ ಈಗ ಹೆದರಬೇಕಾದ್ದು ಬೇರೆ ಇದೆ. ಫೋನ್ ಕವರಿನ ಬೆನ್ನಿಗೆ ಆಧಾರ್ ಕಾರ್ಡು, ಎಟಿಎಂ ಕಾರ್ಡು, 500ರ ಒಂದು ನೋಟು. ಸುತ್ತಮುತ್ತ ನೋಡಿ, ಎಷ್ಟು ಜನ ಹೀಗೆ ಇಟ್ಟುಕೊಂಡಿದ್ದಾರೆ! 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳಿಗೆ ಕಂಡಕ್ಟರಿಗೆ ಗುರುತಿನ ಚೀಟಿ ತೋರಿಸೋ ಕೆಲಸ ದಿನಾ ಬಿತ್ತು, ಕವರಿನ ಬೆನ್ನು ಅದಕ್ಕೆ ಸಲೀಸು. ಅವರನ್ನೇನು ಅನ್ನೋದು, ಅವರ ಜೀನ್ಸಿನ ಕಿಸೆಯಲ್ಲಿ ನಾಲ್ಕು ಬೆರಳೂ ಇಳಿಯಲ್ಲ. ಕುರ್ತಿಗಂತೂ ಈಗೀಗ ಕಿಸೆ ಬರುತ್ತಿದೆ. ಆದರೂ ಆಧಾರ್ ಬೇಕಾದರೆ ಕವರಿನಲ್ಲಿರಲಿ, ಎಟಿಎಂ ಕಾರ್ಡು ಬೇಡ. ಫೋನ್ ಹೋದ ದಿನ ಯುಪಿಐ, ಕಾರ್ಡು, ದುಡ್ಡು ಮೂರೂ ಹೋಗಿ ಊರಿಗೆ ಬರೋಕೂ ದಾರಿ ಇಲ್ಲದಂತಾಗುತ್ತದೆ. ಫೋನ್ ಒಂದು ಕಡೆ, ದುಡ್ಡು ಇನ್ನೊಂದು ಕಡೆ. ಫೋನಿನಲ್ಲಿ *#06# ಒತ್ತಿದರೆ ಬರೋ ಐಎಂಇಐ ಸಂಖ್ಯೆಯನ್ನ ಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಡಿ, ಕಳೆದಾಗ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಫೋನ್ ಬ್ಲಾಕ್ ಮಾಡಿಸೋಕೆ ಅದು ಬೇಕು.

ಚಾವಿ, ಫೋನು ಒಂದೇ ಕಿಸೆಯಲ್ಲಿ ಬೇಡ ಅಂತಾರಲ್ಲ, ಅದು ಅರ್ಧ ನಿಜ. ಸ್ಕ್ರೀನಿನ ಗಾಜಿಗಿಂತ ಚಾವಿ ಮೆತ್ತಗಿನದು. ಗೀಚೋದು ಕಿಸೆಯ ತಳದಲ್ಲಿರೋ ಮರಳು, ಅದು ಗಾಜಿಗಿಂತ ಗಟ್ಟಿ. ಚಾವಿ ಆ ಮರಳನ್ನ ಗಾಜಿಗೆ ಒತ್ತಿ ತಿಕ್ಕುತ್ತದೆ ಅಷ್ಟೇ. ನಮ್ಮ ಧೂಳಿನ ಊರುಗಳಲ್ಲಿ ವಾರಕ್ಕೊಮ್ಮೆ ಕಿಸೆ ಹೊರಗೆಳೆದು ಕೊಡವಿ ನೋಡಿ, ಬಳ್ಳಾರಿಯಾದರೆ ಕೆಂಪು, ರಾಯಚೂರಾದರೆ ಕಪ್ಪು.

ಕಿಸೆ ಅಂದ ಮೇಲೆ ಬಳ್ಳಾರಿಯ ಜೀನ್ಸ್ ನೆನಪಾಗದೇ ಇರುತ್ತದಾ? ಮನೆಮನೆಯಲ್ಲಿ ಮಷಿನ್ ಇಟ್ಟುಕೊಂಡು ಜೀನ್ಸ್ ಹೊಲಿಯೋ ಊರು ಅದು. ಮುಂದಿನ ಬಲಗಿಸೆಯೊಳಗೆ ಇನ್ನೊಂದು ಪುಟ್ಟ ಕಿಸೆ ಇರುತ್ತದಲ್ಲ, ಅದು ಸರಪಳಿ ಗಡಿಯಾರಕ್ಕೆ ಅಂತ ಅಮೆರಿಕದಲ್ಲಿ ಇಟ್ಟದ್ದು. ಅಲ್ಲಿ ಲಿವೈಸ್‌ನವರ ಮೊದಮೊದಲ ಪ್ಯಾಂಟಿಗೆ ಹಿಂದೆ ಒಂದೇ ಕಿಸೆ ಇತ್ತು, ಎರಡನೆಯದು ಬಂದದ್ದು 1901ರಲ್ಲಿ. ಹಿಂದಿನ ಕಿಸೆಯ ತಾಮ್ರದ ರಿವಿಟ್ಟು ಕುರ್ಚಿ, ಕುದುರೆ ಜೀನು ಗೀಚುತ್ತದೆ ಅಂತ ಜನ ಗೊಣಗಿದ್ದಕ್ಕೆ 1937ರಲ್ಲಿ ಅದನ್ನ ಬಟ್ಟೆಯೊಳಗೆ ಮುಚ್ಚಿದರು. ಹಿಂದಿನ ಕಿಸೆಗೂ ಕೂರೋದಕ್ಕೂ ಜಗಳ ಆಗಲೇ ಶುರುವಾಗಿತ್ತು ನೋಡಿ. ಆ ಪುಟ್ಟ ಕಿಸೆಯಲ್ಲಿ ನಾನು ಮಡಚಿದ 200ರ ಒಂದು ನೋಟು ಇಟ್ಟಿರುತ್ತೇನೆ, ಮಿರ್ಚಿ ಪ್ರಕರಣ ಆದಾಗಿನಿಂದ.

ಕೊನೆಗೆ ಲುಂಗಿ. ನಮ್ಮ ಅಜ್ಜಂದಿರಿಗೆ ಧೋತರದ ಜೊತೆ ಸೊಂಟಕ್ಕೆ ಸಿಕ್ಕಿಸಿದ ಚಂಚಿ ಇತ್ತು, ಎಲೆ, ಅಡಿಕೆ, ಸುಣ್ಣ, ದುಡ್ಡು ಎಲ್ಲಕ್ಕೂ ಬೇರೆ ಬೇರೆ ಖಾನೆ. ತಿಜೋರಿ ಚಾವಿ ಉಡದಾರಕ್ಕೆ. ನೀವು ಚಂಚಿ ಕಟ್ಟಿಕೊಳ್ಳಿ ಅಂತ ಹೇಳಲ್ಲ. ಪಟ್ಟಾಪಟ್ಟಿ ಚಡ್ಡಿ ಹಾಕಿಕೊಳ್ಳಿ. ಗಂಜಿನಲ್ಲಿ, ಅಂದ್ರೆ ಎಪಿಎಂಸಿ ಮಾರುಕಟ್ಟೆಯಲ್ಲಿ, ಭತ್ತ, ಹತ್ತಿ ಮಾರಿ ದುಡ್ಡು ಎಣಿಸಿಕೊಂಡ ರೈತ ಲುಂಗಿ ಎತ್ತಿ ಎಲ್ಲಿ ಇಳಿಸ್ತಾನೆ ನೋಡಿ, ಆ ಕಿಸೆ ಮೊಣಕಾಲಿನ ಹತ್ತಿರ ಹೋಗುತ್ತದೆ. ಅಂಗಡಿಯ ಚಡ್ಡಿಗೆ ಅಷ್ಟು ಆಳ ಬರಲ್ಲ. ಟೈಲರ್ ಹತ್ತಿರ ಹೋಗಿ ಬಲಗಡೆ ಕಿಸೆಯ ಒಳಗೆ ಒಂದು ಕಳ್ಳ ಕಿಸೆ, ಬಾಯಿಗೆ ಜಿಪ್ಪು ಅಂತ ಹೇಳಿ. ನಿಮ್ಮ ಅಂಗೈಯನ್ನ ಮಣಿಕಟ್ಟಿನವರೆಗೆ ಇಟ್ಟು ಅಳತೆ ಕೊಡಿ, ಅಂಗಡಿಯ ಪ್ಯಾಂಟಿಗೂ ಇದನ್ನೇ ಮಾಡಿಸಬಹುದು. ಜಿಪ್ಪು ಪ್ಲಾಸ್ಟಿಕ್ಕಿನದೇ ಇರಲಿ, ಕಬ್ಬಿಣದ್ದು ಬೆವರಿಗೆ ತುಕ್ಕು ಹಿಡಿದು ದುಡ್ಡು ಬೇಕಾದಾಗಲೇ ಸಿಕ್ಕಿಕೊಳ್ಳುತ್ತದೆ.